ಸಾಮೋಸ್, ತಿಗಾನಿ, ಪಿಥಾಗೋರಿಯೊ: ಒಂದು ಬಂದರಿನ ಹೆಸರುಗಳ ಜಾಡಿನಲ್ಲಿ

ಮೊದಲ ದಿನ: ಬಂದರು

ಅಥೆನ್ಸಿನಿಂದ ಹೊರಟ ಸಣ್ಣ ವಿಮಾನ ನಮ್ಮನ್ನು ಇಳಿಸಿದ ಸಾಮೋಸ್ ದ್ವೀಪದ ನಿಲ್ದಾಣಕ್ಕೆ ಇಲ್ಲಿಯವನೇ ಆದ ಅರಿಸ್ಟಾರ್ಕಸನ ಹೆಸರಿಟ್ಟಿದ್ದಾರೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಕ್ರಿ.ಪೂ. ಮೂರನೆಯ ಶತಮಾನದಲ್ಲಿಯೇ ವಾದಿಸಿದ ಖಗೋಳಜ್ಞ ಆತ. ಅಲ್ಲಿಂದ ಕೆಲವೇ ನಿಮಿಷಗಳ ದಾರಿಯಲ್ಲಿರುವ ಬಂದರಿಗೆ ಪೈಥಾಗರಸನ ಹೆಸರು: ಪಿಥಾಗೋರಿಯೊ. ಪೌರಾಣಿಕ ದೇವತೆಗಳನ್ನೂ ರಾಜರನ್ನೂ ಬಿಟ್ಟು ಇಬ್ಬರು ಗಣಿತಜ್ಞರ ಹೆಸರನ್ನು ಊರಿಗೂ ನಿಲ್ದಾಣಕ್ಕೂ ಇಟ್ಟುಕೊಂಡ ದ್ವೀಪವೆಂಬ ಕಾರಣಕ್ಕೇ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನ್ನ ತಂಗಿ ಗ್ರೀಸಿನ ಪ್ರಸಿದ್ಧ ದ್ವೀಪಗಳನ್ನೆಲ್ಲ ಬದಿಗಿಟ್ಟು ಇಲ್ಲಿಗೇ ಬರೋಣವೆಂದು ಹಟ ಹಿಡಿದಿದ್ದಳು.

ಬಂದರು ತಲುಪಿದಾಗ ಮಧ್ಯಾಹ್ನದ ಬಿಸಿಲು ಕಲ್ಲುಹಾಸಿನ ಮೇಲೆ ಹೊಳೆಯುತ್ತಿತ್ತು. ಮೀನುಗಾರರ ದೋಣಿಗಳು, ಅವುಗಳ ಎದುರಿಗೆ ಸಾಲು ಹೋಟೆಲುಗಳ ಕುರ್ಚಿಗಳು, ನೀರಿನಾಚೆ ನೀಲಿ ಬೆಟ್ಟಗಳು. ಆ ಬೆಟ್ಟಗಳು ತುರ್ಕಿಯವು. ಸಾಮೋಸಿಗೂ ಏಷ್ಯಾ ಖಂಡಕ್ಕೂ ನಡುವಿನ ಜಲಸಂಧಿ ಅತಿ ಕಿರಿದಾದ ಕಡೆ ಒಂದೂವರೆ ಕಿ.ಮೀ.ಗಿಂತ ತುಸು ಹೆಚ್ಚು ಮಾತ್ರ. ಅದರಾಚೆಯ ಮಿಕಾಲೆ ಬೆಟ್ಟದ ಬುಡದಲ್ಲಿ ಕ್ರಿ.ಪೂ. 479ರಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು.

ಬಂದರಿನ ಕಟ್ಟೆಯ ಮೇಲೆ ಪೈಥಾಗರಸನ ಪ್ರತಿಮೆಯಿದೆ. ಲೋಹದ ದೊಡ್ಡ ಲಂಬಕೋನ ತ್ರಿಭುಜದಲ್ಲಿ ಆತನ ದೇಹವೇ ಒಂದು ಬಾಹುವಾಗುವಂತೆ ನಿಲ್ಲಿಸಿ, ಮೇಲಕ್ಕೆ ಚಾಚಿದ ಕೈ ವಿಕರ್ಣದ ತುದಿಯತ್ತ ಹೋಗುವಂತೆ ಮಾಡಿದ್ದಾರೆ. ತಂಗಿ ಬಹಳ ಹೊತ್ತು ಅದರ ಮುಂದೆ ನಿಂತಳು. ಆತನಿಗೂ ಮೊದಲು ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲಿ ತ್ರಿಭುಜದ ಬಾಹುಗಳ ಈ ಸಂಬಂಧ ಕಾಣಿಸುತ್ತದೆ, ನಮ್ಮ ಬೌಧಾಯನ ಶುಲ್ಬಸೂತ್ರದಲ್ಲಿಯೂ ಇದೆ ಎಂದು ತರಗತಿಯಲ್ಲಿ ಹೇಳುವುದನ್ನು ಅವಳು ಎಂದೂ ಬಿಟ್ಟಿಲ್ಲವಂತೆ. ಆದರೂ ಅವನ ಊರಿಗೆ ಬಂದು ನಿಂತಾಗ ಮೈ ಜುಮ್ಮೆನ್ನುತ್ತದೆ ಎಂದಳು. ಸುಮಾರು ಕ್ರಿ.ಪೂ. 570ರಲ್ಲಿ ಈ ದ್ವೀಪದಲ್ಲಿ ಹುಟ್ಟಿದ ಪೈಥಾಗರಸ್ ನಡುವಯಸ್ಸಿನಲ್ಲಿ ಇಲ್ಲಿಂದ ಹೊರಟುಹೋದವನು. ಸರ್ವಾಧಿಕಾರಿ ಪಾಲಿಕ್ರಟೀಸನ ಆಳ್ವಿಕೆಯನ್ನು ಸಹಿಸಲಾರದೆ ಹೋದನೆಂದು ಪರಂಪರೆ ಹೇಳುತ್ತದೆ. ಅವನ ಶಿಷ್ಯಮಂಡಲಿ ಬೆಳೆದದ್ದು ದಕ್ಷಿಣ ಇಟಲಿಯ ಕ್ರೋಟೋನಿನಲ್ಲಿ. ಬಿಟ್ಟುಹೋದವನ ಹೆಸರನ್ನು ಊರು ಎರಡೂವರೆ ಸಾವಿರ ವರ್ಷಗಳ ನಂತರ ತನಗಿಟ್ಟುಕೊಂಡಿತು. ಅದು ನಡೆದದ್ದು 1955ರಲ್ಲಿ.

ಅಲ್ಲಿಯವರೆಗೆ ಈ ಬಂದರಿನ ಹೆಸರು ತಿಗಾನಿ. ಹಾಗೆಂದರೆ ಬಾಣಲೆ. ದುಂಡನೆಯ ಬಂದರು ಬಾಣಲೆಯಾದರೆ ಉದ್ದಕ್ಕೆ ಚಾಚಿದ ಅಲೆತಡೆ ಅದರ ಹಿಡಿ ಎಂದು ಊರಿನವರು ತೋರಿಸುತ್ತಾರೆ. ಪ್ರಾಚೀನ ಕಾಲದಲ್ಲಿ ಈ ನಗರಕ್ಕೂ ದ್ವೀಪಕ್ಕೂ ಒಂದೇ ಹೆಸರು, ಸಾಮೋಸ್. ಎತ್ತರದ ಜಾಗಗಳನ್ನು ಹಿಂದೆ ‘ಸಾಮೋಸ್’ ಎನ್ನುತ್ತಿದ್ದರೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಇಂದು ಬಸ್ಸಿನ ಬೋರ್ಡಿನ ಮೇಲೆ ಸಾಮೋಸ್ ಎಂದಿದ್ದರೆ ಅದು ಹೋಗುವುದು ಉತ್ತರ ಕರಾವಳಿಯ ಈಗಿನ ರಾಜಧಾನಿಗೆ. ಆ ಊರನ್ನು ಜನ ಮಾತಿನಲ್ಲಿ ವಾಥಿ ಎನ್ನುತ್ತಾರೆ. ಹಳೆಯ ಸಾಮೋಸನ್ನು ಹುಡುಕಿಕೊಂಡು ಬರುವವರು ಆ ಬೋರ್ಡನ್ನು ನಂಬಿ ಬಸ್ಸು ಹತ್ತಬಾರದು.

ನಾವು ಉಳಿದುಕೊಂಡ ಮನೆಯ ಒಡತಿ ಎಂಬತ್ತರ ಆಸುಪಾಸಿನ ಅಜ್ಜಿ. ಮೊಮ್ಮಗ ಇಂಗ್ಲಿಷಿನಲ್ಲಿ ಮಾತು ದಾಟಿಸಲು ಜೊತೆಗಿದ್ದ. ಊರಿನ ಹೆಸರು ಬದಲಾದದ್ದು ನೆನಪಿದೆಯೇ ಎಂದು ಕೇಳಿದಾಗ ಆಕೆ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದರು. ಅದರೊಳಗೆ ಹಡಗಿನಲ್ಲಿ ದುಡಿಯುತ್ತಿದ್ದ ತಂದೆ ಮನೆಗೆ ಬರೆದ ಕಾಗದಗಳಿದ್ದವು. ಲಕೋಟೆಯ ಅಂಚು ಕಂದಾಗಿ ಪುಡಿಯಾಗುತ್ತಿದ್ದರೂ ನೇರಳೆ ಶಾಯಿಯಲ್ಲಿ ಬರೆದ ‘ತಿಗಾನಿ, ಸಾಮೋಸ್’ ಎಂಬ ವಿಳಾಸ ಸ್ಪಷ್ಟವಾಗಿತ್ತು. “ಶಾಲೆಯಲ್ಲಿ ಹೊಸ ಹೆಸರನ್ನು ಬರೆಯಲು ಕಲಿಸಿದರು. ನಮ್ಮಮ್ಮ ಮಾತ್ರ ಕೊನೆಯವರೆಗೂ ತಿಗಾನಿ ಎಂದೇ ಅನ್ನುತ್ತಿದ್ದಳು. ಪೈಥಾಗರಸ್ ದೊಡ್ಡವನೇ ಇರಬಹುದು, ಅವನು ಈ ಬಂದರಿನಲ್ಲಿ ಮೀನು ಹಿಡಿದವನೇ ಎಂದು ಕೇಳುತ್ತಿದ್ದಳು,” ಎಂದರು ಅಜ್ಜಿ.

ರಾತ್ರಿ ಕಡಲೆಕಾಳಿನ ಹಿಟ್ಟಿಗೆ ಈರುಳ್ಳಿ, ಪುದೀನ ಸೇರಿಸಿ ಕರಿದ ರೆವಿಥೊಕೆಫ್ತೆದೆಸ್ ತಿಂದೆವು. ಸಸ್ಯಾಹಾರಿಗಳು ಈ ದ್ವೀಪದಲ್ಲಿ ಉಪವಾಸ ಬೀಳಬೇಕಾಗಿಲ್ಲ. ಬೇಯಿಸಿದ ಕಾಡುಸೊಪ್ಪಿಗೆ ಆಲಿವ್ ಎಣ್ಣೆ, ನಿಂಬೆರಸ ಹಾಕಿ ಕೊಡುವ ‘ಹೋರ್ತಾ’ ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. ಅದರ ಜೊತೆಗಿನ ರೊಟ್ಟಿಗೆ ಬೇರೆ ಹಣ ಹಿಡಿಯುವುದು ಅಲ್ಲಿನ ವಾಡಿಕೆ.

ಎರಡನೆಯ ದಿನ: ಬೆಟ್ಟದೊಳಗಿನ ದಾರಿ

ಬೆಳಿಗ್ಗೆ ಎದ್ದು ಊರಿನ ಹಿಂದಿನ ಬೆಟ್ಟದತ್ತ ನಡೆದೆವು. ಪ್ರಾಚೀನ ಊರಿಗೆ ನೀರು ತರಲು ಕೊರೆದ ಯೂಪಲಿನೋಸನ ಸುರಂಗದ ಬಾಯಿ ಬಂದರಿನಿಂದ ಅರ್ಧ ಗಂಟೆಯ ಏರುದಾರಿ. ಗುಂಪು ಗುಂಪಾಗಿಯೇ ಒಳಗೆ ಬಿಡುವುದರಿಂದ ಟಿಕೆಟನ್ನು ಮೊದಲೇ ಕಾದಿರಿಸಿಕೊಂಡು, ಸಮಯಕ್ಕೆ ಮುಂಚೆ ತಲುಪುವುದು ಒಳ್ಳೆಯದು. ಗ್ರೀಸಿನ ಎಷ್ಟೋ ಸ್ಮಾರಕಗಳಂತೆ ಇದಕ್ಕೂ ಮಂಗಳವಾರ ರಜೆ ಇರುತ್ತದೆ. ದಾರಿಯುದ್ದಕ್ಕೂ ಆಲಿವ್ ಮರಗಳು, ಅವುಗಳ ನಡುವೆ ಅಲ್ಲಲ್ಲಿ ಪ್ರಾಚೀನ ಕೋಟೆಗೋಡೆಯ ಚೌಕಟ್ಟಾದ ಕಲ್ಲುಗಳು. ಆರು ಕಿ.ಮೀ.ಗಿಂತ ಉದ್ದವಿದ್ದ ಈ ಗೋಡೆಯ ಸುತ್ತಲಿನ ಕಂದಕವನ್ನು ಅಗೆದವರು ಲೆಸ್ಬೋಸ್ ದ್ವೀಪದ ಕೈದಿಗಳು. ಪಾಲಿಕ್ರಟೀಸ್ ಅವರನ್ನು ಸಮುದ್ರ ಯುದ್ಧದಲ್ಲಿ ಸೆರೆಹಿಡಿದು, ಸಂಕೋಲೆಯಲ್ಲಿಯೇ ಕೆಲಸಕ್ಕೆ ಹಚ್ಚಿದನೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ.

ತಲೆಗೆ ಹೆಲ್ಮೆಟ್ ಕೊಟ್ಟು ಒಳಗೆ ಇಳಿಸಿದರು. ಆರಂಭದ ಕಡಿದಾದ ಮೆಟ್ಟಿಲು, ಅದರ ಮುಂದಿನ ಕಲ್ಲುಕಟ್ಟಿದ ಓಣಿ ಎಷ್ಟು ಇಕ್ಕಟ್ಟೆಂದರೆ ಬೆನ್ನಿಗೆ ಚೀಲ ಹಾಕಿಕೊಂಡವರು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಓರೆಯಾಗಿ ಜರುಗಬೇಕು. ಮುಚ್ಚಿದ ಜಾಗಗಳಿಗೆ ಹೆದರುವವರು ಈ ಹಂತದಲ್ಲಿಯೇ ಹಿಂದೆ ಸರಿಯುತ್ತಾರೆ. ನಮ್ಮ ಗುಂಪಿನಿಂದಲೂ ಇಬ್ಬರು ಹಿಂದಿರುಗಿದರು. ಅದನ್ನು ದಾಟಿದ ಮೇಲೆ ಸುರಂಗ ಒಮ್ಮೆಲೇ ಅಗಲವಾಗಿ, ಸುಮಾರು 1.8 ಮೀಟರ್ ಎತ್ತರ, ಅಷ್ಟೇ ಅಗಲದ ದಾರಿಯಾಗಿ ಬಂಡೆಯೊಳಗೆ ಸಾಗುತ್ತದೆ. ಹೊರಗಿನ ಬಿಸಿಲಿಗೆ ಕಾದ ಮೈಗೆ ಒಳಗಿನ ತಂಪು ಹಿತವಾಗಿತ್ತು. ಗೋಡೆಯನ್ನು ಬೆಳಕು ಓರೆಯಾಗಿ ಸೋಕಿದ ಕಡೆ ಉಳಿಯ ಏಟುಗಳು ಒಂದೊಂದಾಗಿ ಕಾಣುತ್ತವೆ. ಪ್ರತಿ ಗೀರೂ ಒಬ್ಬ ಮನುಷ್ಯನ ತೋಳಿನ ಒಂದು ಬೀಸು. ಬೆರಳಿಟ್ಟು ನೋಡಿದರೆ ಗೀರಿನ ಅಂಚು ಇನ್ನೂ ಹರಿತವಾಗಿದೆ.

ಸುರಂಗದ ಒಟ್ಟು ಉದ್ದ 1036 ಮೀಟರ್. ಕ್ರಿ.ಪೂ. ಆರನೆಯ ಶತಮಾನದಲ್ಲಿ, ಬೆಟ್ಟದ ಎರಡೂ ಕಡೆಯಿಂದ ಏಕಕಾಲಕ್ಕೆ ಕೊರೆಯುತ್ತ ಬಂದು ನಡುವೆ ಕೂಡಿಸಿದ್ದಾರೆ. ಜೆರುಸಲೇಮಿನಲ್ಲಿ ಇದಕ್ಕಿಂತ ಹಳೆಯದಾದ, ಎರಡು ಕಡೆಯಿಂದ ಕೊರೆದ ಸುರಂಗವಿದೆ. ಆದರೆ ಅದು ಹಾವಿನಂತೆ ಬಳುಕುತ್ತ ಸಾಗುತ್ತದೆ. ಇಲ್ಲಿ ಮೊದಲು ಗೆರೆ ಎಳೆದು, ಆಮೇಲೆ ಬಂಡೆ ಕೊರೆದಿದ್ದಾರೆ. ಉತ್ತರ ಭಾಗದಲ್ಲಿ ಬಂಡೆ ಸಡಿಲವಿದ್ದದ್ದರಿಂದ ನೇರ ಗೆರೆಯನ್ನು ಬಿಟ್ಟು ಬಳಸಿ ಹೋಗಬೇಕಾಯಿತು. ಕೂಡುವ ಜಾಗ ಹತ್ತಿರವಾದಾಗ ಎರಡೂ ತಂಡಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ದಾಟಿಹೋಗುವ ಅಪಾಯವಿತ್ತು. ಅದನ್ನು ತಪ್ಪಿಸಲು ಬೇಕೆಂದೇ ದಿಕ್ಕು ತಿರುಗಿಸಿ, ಒಂದರ ದಾರಿಯನ್ನು ಇನ್ನೊಂದು ಅಡ್ಡಹಾಯಲೇಬೇಕಾದಂತೆ ಮಾಡಿದ್ದಾರೆ. ಇದನ್ನು ಮಾರ್ಗದರ್ಶಿ ವಿವರಿಸುತ್ತಿದ್ದಂತೆ ತಂಗಿ ಟಿಕೆಟಿನ ಹಿಂಬದಿಯಲ್ಲಿ ಎರಡು ಗೆರೆ ಎಳೆದು ನನಗೆ ತೋರಿಸಿದಳು. ಸಮಾನಾಂತರ ರೇಖೆಗಳು ಕೂಡುವುದಿಲ್ಲ ಎಂಬ ಮಾತು ಆ ಕತ್ತಲಲ್ಲಿ ಜನರ ದುಡಿಮೆಯನ್ನು ಕಾಪಾಡಿದ ತಿಳಿವಳಿಕೆಯಾಗಿತ್ತು. ಗೋಡೆಯ ಮೇಲೆ ಅಳತೆಗೆಂದು ಬರೆದುಕೊಂಡ ಕೆಂಪು ಬಣ್ಣದ ಗುರುತುಗಳು ಈಗಲೂ ಉಳಿದಿವೆ.

ದಾರಿಯ ಒಂದು ಪಕ್ಕಕ್ಕೆ ಆಳವಾದ ಕಾಲುವೆಯಿದೆ, ಅದರ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಸುರಂಗದ ನೆಲ ಹೆಚ್ಚುಕಡಿಮೆ ಸಮತಟ್ಟು. ನೀರು ಹರಿಯಲು ಬೇಕಾದ ಇಳಿಜಾರು ಈ ಕಾಲುವೆಯಲ್ಲಿದೆ, ಆದ್ದರಿಂದ ದಕ್ಷಿಣಕ್ಕೆ ಬಂದಷ್ಟೂ ಅದು ಆಳವಾಗುತ್ತ ಹೋಗುತ್ತದೆ. ಬೆಟ್ಟದಾಚೆಯ ಅಗಿಯಾದೆಸ್ ಎಂಬಲ್ಲಿನ ಚಿಲುಮೆಯ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು, ಶತ್ರುಗಳ ಕಣ್ಣಿಗೆ ಬೀಳದಂತೆ ಕೋಟೆಯೊಳಗಿನ ಊರನ್ನು ಸೇರುತ್ತಿತ್ತು. ಸುಮಾರು ಸಾವಿರ ವರ್ಷ ಈ ಏರ್ಪಾಟು ಕೆಲಸ ಮಾಡಿತು. ಪುತ್ತೂರಿನ ಕಡೆಯ ನಮ್ಮಜ್ಜನ ತೋಟದಲ್ಲಿ ಗುಡ್ಡದ ಒಡಲನ್ನು ಪಿಕಾಸಿಯಿಂದ ಕೊರೆದು ನೀರು ಹರಿಸಿಕೊಂಡ ಸುರಂಗವಿತ್ತು. ದೀಪ ಹಿಡಿದು ಬಾಗಿ ಅದರೊಳಗೆ ಹೋದವರಿಗೆ ಕಾಲಿನ ಕೆಳಗೆ ಹರಿಯುವ ನೀರಿನ ಬೆಲೆ ಗೊತ್ತಿರುತ್ತದೆ. ಅಲ್ಲಿಯ ಲ್ಯಾಟರೈಟ್ ಮಣ್ಣು ಮೆತ್ತಗೆ, ಇಲ್ಲಿಯದು ಗಟ್ಟಿ ಸುಣ್ಣಕಲ್ಲು. ಕೆಲಸದ ಸ್ವರೂಪ ಮಾತ್ರ ಒಂದೇ.

ಹೆರೊಡೋಟಸ್ ಸಾಮೋಸಿನ ಬಗ್ಗೆ ಅಷ್ಟು ದೀರ್ಘವಾಗಿ ಬರೆದದ್ದಕ್ಕೆ ತಾನೇ ಕಾರಣ ಕೊಡುತ್ತಾನೆ. ಇಡೀ ಗ್ರೀಕ್ ಜಗತ್ತಿನ ಮೂರು ಅತಿ ದೊಡ್ಡ ನಿರ್ಮಾಣಗಳು ಇಲ್ಲಿವೆ: ಈ ಸುರಂಗ, ಬಂದರಿನ ಅಲೆತಡೆ, ಹೇರಾ ದೇವಿಯ ಗುಡಿ. ಸುರಂಗದ ಶಿಲ್ಪಿ ಮೆಗಾರದ ನೌಸ್ಟ್ರೊಫೋಸನ ಮಗ ಯೂಪಲಿನೋಸ್ ಎಂದು ಆತ ಬರೆದಿಟ್ಟದ್ದರಿಂದಲೇ ನಮಗೆ ಅವನ ಹೆಸರು ಗೊತ್ತು. ಹೊರಗಿನಿಂದ ಬಂದ ಅವನು ಈ ಊರಿಗೆ ನೀರು ತಂದ. ಇಲ್ಲಿಯೇ ಹುಟ್ಟಿದ ಪೈಥಾಗರಸ್ ಹೊರಗೆ ಹೋಗಿ ಹೆಸರು ತಂದ. 1955ರಲ್ಲಿ ನನ್ನನ್ನು ಕೇಳಿದ್ದರೆ ನಾನು ಯೂಪಲಿನೋಸನ ಹೆಸರನ್ನು ಸೂಚಿಸುತ್ತಿದ್ದೆ. ತಂಗಿ ಇದನ್ನು ಒಪ್ಪಲಿಲ್ಲ. ಬೆಟ್ಟವಿಳಿಯುವವರೆಗೂ ವಾದ ನಡೆಯಿತು.

ಮಧ್ಯಾಹ್ನ ಅದೇ ಬೆಟ್ಟದ ಪಕ್ಕದಲ್ಲಿರುವ ಸ್ಪಿಲಿಯಾನಿ ಮಾತೆಯ ಗುಹಾ ಚರ್ಚಿಗೆ ಹೋದೆವು. ಒಳಗೆ ಕಲ್ಲಿನ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಹೊರಗಿನ ಅಂಗಳದಿಂದ ಕೆಳಗಿನ ಬಂದರನ್ನು ನೋಡಿದಾಗ ತಿಗಾನಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲವೆಂದು ಒಪ್ಪಲೇಬೇಕು. ಅಷ್ಟರಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ಜೋರಾಗಿ ಬೀಸಿ ತಂಗಿಯ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಬೇಸಿಗೆಯಲ್ಲಿ ಇಲ್ಲಿಗೆ ಬರುವವರು ದಾರ ಕಟ್ಟಿದ ಟೋಪಿಯನ್ನೇ ತರಬೇಕು. ಅಂದು ಸಂಜೆ ಹೊಸ ಟೋಪಿ ಕೊಳ್ಳಲು ಹೊಕ್ಕ ಅಂಗಡಿಯಲ್ಲಿ ಪೈಥಾಗರಸನ ಬಟ್ಟಲು ಮಾರಾಟಕ್ಕಿತ್ತು. ನಡುವೆ ಒಂದು ಗುಬಟಿರುವ ಮಣ್ಣಿನ ಲೋಟ ಅದು. ಗುರುತಿನವರೆಗೆ ತುಂಬಿದರೆ ನೀರು ನಿಲ್ಲುತ್ತದೆ, ಗುರುತು ದಾಟಿದರೆ ಒಳಗಿನ ಬಾಗಿದ ಕೊಳವೆಯ ಮೂಲಕ ಪೂರ್ತಿ ಖಾಲಿಯಾಗುತ್ತದೆ. ಆಸೆಗೆ ಮಿತಿ ಕಲಿಸಲು ಪೈಥಾಗರಸ್ ಮಾಡಿದ್ದೆಂದು ಅಂಗಡಿಯಾಕೆ ಹೇಳಿದರು. ನಮ್ಮಲ್ಲಿಯೂ ಇದೇ ತತ್ವದ ವಾಸುದೇವನ ಬಟ್ಟಲಿದೆ, ಕೃಷ್ಣನ ಪಾದಕ್ಕೆ ನೀರು ತಾಗಿದ ಕೂಡಲೇ ಯಮುನೆ ಇಳಿಯುತ್ತದೆ ಎಂದು ತಂಗಿ ಹೇಳಿದ್ದನ್ನು ಆಕೆ ಕುತೂಹಲದಿಂದ ಕೇಳಿ, ಬರೆದುಕೊಂಡರು.

ಕತ್ತಲಾಗುವ ಮುಂಚೆ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದ ಮೀನುಗಾರರೊಬ್ಬರು ಪಾಲಿಕ್ರಟೀಸನ ಉಂಗುರದ ಕಥೆಯನ್ನು ತಮ್ಮದೇ ನೀರಿನಲ್ಲಿ ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳಿದರು. ಇಷ್ಟೊಂದು ಅದೃಷ್ಟ ಒಳ್ಳೆಯದಲ್ಲ, ನಿನಗೆ ಅತಿ ಪ್ರಿಯವಾದದ್ದನ್ನು ಎಸೆದುಬಿಡು ಎಂದು ಈಜಿಪ್ಟಿನ ದೊರೆ ಅಮಾಸಿಸ್ ಬುದ್ಧಿ ಹೇಳಿದ. ಪಾಲಿಕ್ರಟೀಸ್ ತನ್ನ ಪಚ್ಚೆಯ ಮುದ್ರೆಯುಂಗುರವನ್ನು ಕಡಲಿಗೆಸೆದ. ಕೆಲವು ದಿನಗಳಲ್ಲಿ ಮೀನುಗಾರನೊಬ್ಬ ಅರಮನೆಗೆ ತಂದೊಪ್ಪಿಸಿದ ದೊಡ್ಡ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತು. ನಮಗೆ ಶಕುಂತಲೆ ನೆನಪಾಗದೆ ಇರುವುದುಂಟೆ? ಅಲ್ಲಿ ಮರಳಿದ ಉಂಗುರ ಮರೆತ ಗಂಡನಿಗೆ ನೆನಪು ತಂದಿತು, ಇಲ್ಲಿ ಗೆಳೆಯನನ್ನೇ ದೂರ ಮಾಡಿತು: ಇವನ ಅಂತ್ಯ ಕೆಟ್ಟದಾಗಿಯೇ ಇರುತ್ತದೆಂದು ಅಮಾಸಿಸ್ ಸ್ನೇಹವನ್ನು ಕಡಿದುಕೊಂಡ. ಸುಮಾರು ಕ್ರಿ.ಪೂ. 522ರಲ್ಲಿ ಪರ್ಷಿಯದ ಪ್ರಾಂತಾಧಿಕಾರಿ ಓರಾಯ್ಟೀಸ್ ಪಾಲಿಕ್ರಟೀಸನನ್ನು ಎದುರಿನ ದಡಕ್ಕೆ ಕರೆಸಿ ಕೊಲ್ಲಿಸಿದ.

ಮೂರನೆಯ ದಿನ: ಒಂಟಿ ಕಂಬ

ಹೇರಾ ದೇವಿಯ ಗುಡಿ ಊರಿನಿಂದ ಪಶ್ಚಿಮಕ್ಕೆ ಆರೇಳು ಕಿ.ಮೀ. ದೂರದಲ್ಲಿ, ಕಡಲಂಚಿನ ಜೌಗು ಬಯಲಿನಲ್ಲಿದೆ. ಅಲ್ಲಿಗೆ ಹೋಗುವ ಬಸ್ಸು ದಿನಕ್ಕೆ ಕೆಲವೇ ಸಲ. ನಾವು ಕಾದ ಬಸ್ಸು ಅಂದು ಬರಲೇ ಇಲ್ಲ. ತರಕಾರಿ ಬುಟ್ಟಿಗಳನ್ನು ಹೇರಿಕೊಂಡು ಹೊರಟಿದ್ದ ರೈತರೊಬ್ಬರು ಪಿಕಪ್ ನಿಲ್ಲಿಸಿ, ಇಬ್ಬರನ್ನೂ ಮುಂದಿನ ಸೀಟಿನಲ್ಲಿ ಒತ್ತಿ ಕೂರಿಸಿಕೊಂಡರು. ಭಾಷೆ ಬಾರದೆ ಮಾತು ಕೈಸನ್ನೆಯಲ್ಲಿಯೇ ನಡೆಯಿತು. ಇಳಿಯುವಾಗ ಕೈಗೆ ಎರಡು ಗೊಂಚಲು ಬಿಳಿ ದ್ರಾಕ್ಷಿ ಬಂತು. ಸಿಹಿ ಮಸ್ಕಟ್ ದ್ರಾಕ್ಷಾರಸಕ್ಕೆ ಹೆಸರಾದ ದ್ವೀಪವಿದು. ಹಣ್ಣು ಬಾಯಲ್ಲಿಟ್ಟರೆ ಹೂವಿನ ಪರಿಮಳ.

ಗುಡಿಯೆಂದರೆ ಈಗ ನಿಂತಿರುವುದು ಒಂದೇ ಕಂಬ. ಅದೂ ಮೂಲ ಎತ್ತರದ ಅರ್ಧದಷ್ಟು. ಕಂಬದ ಕಲ್ಲುಗಾಲಿಗಳು ಒಂದರ ಮೇಲೊಂದು ಕೂರದೆ ಅತ್ತಿತ್ತ ಜರುಗಿವೆ. ನಾವಿಕರು ಈ ಕಂಬವನ್ನೇ ಗುರುತಾಗಿಟ್ಟುಕೊಂಡು ಈ ಭೂಶಿರವನ್ನು ಕೊಲೋನಾ ಎಂದು ಕರೆದರು, ದೇವಿಯ ಹೆಸರು ಬಾಯಿಂದ ಮರೆಯಾದ ಶತಮಾನಗಳಲ್ಲಿ ಜಾಗಕ್ಕೆ ಉಳಿದದ್ದು ಕಂಬದ ಹೆಸರು. ವಾಸ್ತುಶಿಲ್ಪಿ ರೊಯ್ಕೋಸ್ ಕಟ್ಟಿದ ಮಹಾಗುಡಿ ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ಬದಲಿಗೆ ಪಾಲಿಕ್ರಟೀಸನ ಕಾಲದಲ್ಲಿ ಆರಂಭವಾದ, ಸುಮಾರು 109 ಮೀಟರ್ ಉದ್ದ, 55 ಮೀಟರ್ ಅಗಲದ ಗುಡಿ ಎಂದಿಗೂ ಪೂರ್ತಿಯಾಗಲಿಲ್ಲ. ಎಲ್ಲಿಯೂ ನೆರಳಿಲ್ಲ. ನೀರಿನ ಬಾಟಲಿಗಳನ್ನು ಜೊತೆಗೇ ಒಯ್ಯಬೇಕು, ಬೆಳಿಗ್ಗೆಯೇ ಹೋಗಿ ಬರಬೇಕು.

ಹೇರಾ ಹುಟ್ಟಿದ್ದು ಇಲ್ಲಿಯೇ, ಇಂಬ್ರಾಸೋಸ್ ಹೊಳೆಯ ದಡದ ಲೀಗೋಸ್ ಗಿಡದ ಬುಡದಲ್ಲಿ ಎಂದು ಸಾಮೋಸಿನ ಜನ ನಂಬಿದ್ದರು. ಲೀಗೋಸ್ ಎಂದರೆ ನಮ್ಮ ಲಕ್ಕಿ ಗಿಡದ ಹತ್ತಿರದ ಬಂಧು, ಒಂದೇ ಕುಲದ್ದು. ಹೊಳೆಯ ಪಾತ್ರದತ್ತ ಇಳಿದಾಗ ಅಂಥ ಪೊದೆಯೊಂದು ಕಂಡಿತು. ಬೆರಳುಗಳಂತೆ ಹರಡಿದ ಎಲೆ, ಅಡಿಭಾಗ ಬೂದುಬಿಳಿ, ತುದಿಯಲ್ಲಿ ನೇರಳೆ ಹೂಗೊಂಚಲು. ಎಲೆ ತಿಕ್ಕಿ ಮೂಸಿದ ತಂಗಿ “ಅಕ್ಕಾ, ಬಾಣಂತಿಯ ನೀರಿಗೆ ಹಾಕುವ ವಾಸನೆಯೇ!” ಎಂದಳು.

ಹೇರಾಳ ಹಕ್ಕಿಯಾದ ನವಿಲುಗಳನ್ನು ಈ ಗುಡಿಯಲ್ಲಿ ಸಾಕುತ್ತಿದ್ದರು, ಸಾಮೋಸಿನ ನಾಣ್ಯಗಳ ಮೇಲೂ ನವಿಲಿದೆ. ಭಾರತ ಮೂಲದ ಆ ಹಕ್ಕಿ ಬಂದ ದಿಕ್ಕಿನಿಂದಲೇ ಮುಂದೆ ಜನರೂ ಬಂದರು. ಕ್ರಿ.ಪೂ. 20ರ ಚಳಿಗಾಲವನ್ನು ರೋಮಿನ ಚಕ್ರವರ್ತಿ ಅಗಸ್ಟಸ್ ಸಾಮೋಸಿನಲ್ಲಿ ಕಳೆಯುತ್ತಿದ್ದಾಗ ಭಾರತದ ರಾಯಭಾರಿಗಳು ಅವನನ್ನು ಕಂಡು ಸ್ನೇಹದ ಒಪ್ಪಂದ ಮಾಡಿಕೊಂಡರೆಂದು ಇತಿಹಾಸಕಾರ ಡಿಯೊ ಕ್ಯಾಸಿಯಸ್ ಬರೆದಿದ್ದಾನೆ. ಅವರು ತಂದ ಕಾಣಿಕೆಗಳಲ್ಲಿ ಹುಲಿಗಳಿದ್ದವು. ರೋಮನ್ನರು ಹುಲಿಯನ್ನು ನೋಡಿದ್ದು ಅದೇ ಮೊದಲಂತೆ. ಕೈಗಳಿಲ್ಲದೆ ಹುಟ್ಟಿ, ಕಾಲಿನಿಂದಲೇ ಬಿಲ್ಲು ಹೂಡುತ್ತಿದ್ದ ಹುಡುಗನೊಬ್ಬನೂ ಆ ತಂಡದಲ್ಲಿದ್ದ. ಭರುಕಚ್ಛದ, ಅಂದರೆ ಇಂದಿನ ಭರೂಚಿನ ಸನ್ಯಾಸಿಯೊಬ್ಬ ಈ ಪ್ರಯಾಣದಲ್ಲಿದ್ದು, ಅಥೆನ್ಸಿನಲ್ಲಿ ಚಿತೆಯೇರಿದನೆಂದು ಸ್ಟ್ರಾಬೊ ದಾಖಲಿಸುತ್ತಾನೆ. ಪಶ್ಚಿಮ ಕರಾವಳಿಯಿಂದ ಹೊರಟವರು ಇಷ್ಟು ದೂರ ಬಂದು ಈ ಬಂದರಿನಲ್ಲಿ ಕಾಲಿಟ್ಟರೆಂಬುದನ್ನು ನಮ್ಮ ಶಾಲಾ ಪುಸ್ತಕಗಳು ಒಂದು ಸಾಲಿನಲ್ಲಾದರೂ ಹೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಕೊನೆಯ ದಿನ: ವಲಸೆ ಬಂದ ಹೆಸರುಗಳು

ವಾಥಿಗೆ ಹೋಗುವ ಮೊದಲು, ಗ್ರೀಕ್ ಸ್ವಾತಂತ್ರ್ಯ ಹೋರಾಟದಲ್ಲಿ ಸಾಮೋಸಿನ ನಾಯಕನಾಗಿದ್ದ ಲೈಕುರ್ಗೋಸ್ ಲೊಗೊಥೆಟಿಸ್ ಕಟ್ಟಿಸಿದ ಕೋಟೆಯನ್ನು ನೋಡಿದೆವು. ಅದರ ಪಕ್ಕದ ಚರ್ಚು ಕ್ರಿಸ್ತನ ರೂಪಾಂತರದ ಹಬ್ಬಕ್ಕೆ ಮೀಸಲು. ಒಟ್ಟೊಮನ್ ನೌಕಾಪಡೆ ದ್ವೀಪಕ್ಕೆ ಇಳಿಯದಂತೆ ಸಾಮೋಸಿನವರು ತಡೆದದ್ದು 1824ರ ಆಗಸ್ಟ್ 6ರಂದು, ಅದೇ ಹಬ್ಬದ ದಿನ. ಆ ಹೋರಾಟದ ನಂತರವೂ ದ್ವೀಪ ಗ್ರೀಸಿಗೆ ಸೇರಲಿಲ್ಲ. 1834ರಿಂದ 1912ರವರೆಗೆ ಸುಲ್ತಾನನ ಅಧೀನದಲ್ಲಿ ಕ್ರೈಸ್ತ ರಾಜಪ್ರತಿನಿಧಿಗಳ ಆಳ್ವಿಕೆಯ ಸಂಸ್ಥಾನವಾಗಿತ್ತು.

ಇಲ್ಲಿನ ಹೆಸರುಗಳು ಇಷ್ಟು ಸಲ ಬದಲಾದುದಕ್ಕೆ ಮೂಲ ಕಾರಣ ಊರು ಪದೇ ಪದೇ ಖಾಲಿಯಾದದ್ದು. ಪಾಲಿಕ್ರಟೀಸನ ಸಾವಿನ ನಂತರ ಪರ್ಷಿಯನ್ನರು ಬಲೆ ಎಳೆದಂತೆ ದ್ವೀಪದ ಜನರನ್ನು ಗುಡಿಸಿ, ಬರಿದಾದ ನೆಲವನ್ನು ಅವನ ತಮ್ಮನಿಗೆ ಒಪ್ಪಿಸಿದರು. ಕ್ರಿ.ಪೂ. 439ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೋಟೆ ಕೆಡವಿಸಿದ. ಕ್ರಿ.ಪೂ. 365ರಲ್ಲಿ ಅಥೆನ್ಸ್ ಊರನ್ನು ಹಿಡಿದು, ಸಾಮೋಸಿನವರನ್ನು ಹೊರಗಟ್ಟಿ ತನ್ನ ಜನರಿಗೆ ಜಮೀನು ಹಂಚಿತು; ದಾರ್ಶನಿಕ ಎಪಿಕ್ಯುರಸ್ ಹುಟ್ಟಿ ಬೆಳೆದದ್ದು ಹಾಗೆ ಬಂದು ನೆಲೆಸಿದ ಒಂದು ಅಥೆನ್ಸಿನ ಮನೆಯಲ್ಲಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ದ್ವೀಪ ಬಹುತೇಕ ಪಾಳುಬಿತ್ತು. ಹದಿನಾರನೆಯ ಶತಮಾನದಲ್ಲಿ ಒಟ್ಟೊಮನ್ ನೌಕಾಧಿಪತಿ ಕಿಲಿಚ್ ಅಲಿ ಪಾಷಾನ ಕಾಲದಲ್ಲಿ ಬೇರೆ ಬೇರೆ ಕಡೆಯ ಜನ ಬಂದು ನೆಲೆಸಿದಾಗ ತಮ್ಮ ಊರಿನ ಹೆಸರುಗಳನ್ನೂ ಹೊತ್ತು ತಂದರು. ವಾಥಿಯ ದಾರಿಯಲ್ಲಿ ಸಿಗುವ ಮಿಟಿಲಿನಿಯಿ ಎಂಬ ಊರು ಲೆಸ್ಬೋಸಿನವರದು. ಸಂಕೋಲೆಯಲ್ಲಿ ಕಂದಕ ಅಗೆದವರ ನಾಡಿನಿಂದಲೇ ಎರಡು ಸಾವಿರ ವರ್ಷಗಳ ಮೇಲೆ ಒಕ್ಕಲು ಬಂದು ಈ ನೆಲವನ್ನು ಮತ್ತೆ ಉತ್ತಿತು.

ಮಿಟಿಲಿನಿಯಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಪರಿಹಾರ ಕಾಣುವವರೆಗೆ ಚೌಕದ ಮರದ ಕೆಳಗೆ ಕಾಫಿ ಕುಡಿಯುತ್ತ ಕೂತೆವು. ಪಕ್ಕದ ಮೇಜಿನ ಹಿರಿಯರೊಬ್ಬರು 2020ರ ಅಕ್ಟೋಬರ್ 30ರ ಭೂಕಂಪದ ಮಾತೆತ್ತಿದರು. ವಾಥಿಯಲ್ಲಿ ಗೋಡೆ ಕುಸಿದು ಶಾಲೆಯಿಂದ ಬರುತ್ತಿದ್ದ ಇಬ್ಬರು ಮಕ್ಕಳು ತೀರಿಕೊಂಡರು, ಬಂದರಿನ ಅಂಗಡಿಗಳಿಗೆ ಕಡಲು ನುಗ್ಗಿತು. ಹೇಳುತ್ತ ಹೇಳುತ್ತ ಅವರ ಗಂಟಲು ಕಟ್ಟಿತು. ನಮ್ಮ ಕಾಫಿಯ ಹಣವನ್ನು ಅವರೇ ಕೊಟ್ಟುಬಿಟ್ಟಿದ್ದರು.

ವಾಥಿಯ ವಸ್ತುಸಂಗ್ರಹಾಲಯದಲ್ಲಿ ಹೇರಾಳ ಗುಡಿಗೆ ಬಂದ ಕಾಣಿಕೆಗಳಿವೆ. ಈಜಿಪ್ಟಿನ, ಬ್ಯಾಬಿಲೋನಿನ ಕಂಚಿನ ವಸ್ತುಗಳು, ಜೌಗು ಮಣ್ಣು ಕಾಪಾಡಿದ ಮರದ ಕೆತ್ತನೆಗಳು, ಹದ್ದಿನ ತಲೆ, ಸಿಂಹದ ಮೈಯಿರುವ ಪುರಾಣಪ್ರಾಣಿ ಗ್ರಿಫಿನ್ನಿನ ಕೊಕ್ಕು ತೆರೆದ ತಲೆಗಳು. ಸ್ಪೇನಿನ ತಾರ್ತೆಸೋಸಿನವರೆಗೆ ಹಡಗು ಒಯ್ದ ಸಾಮೋಸಿನ ಕೊಲಾಯೋಸ್ ತನ್ನ ಲಾಭದ ಹತ್ತನೆಯ ಒಂದು ಪಾಲಿನಲ್ಲಿ ಇಂಥವೇ ತಲೆಗಳಿದ್ದ ಕೊಪ್ಪರಿಗೆಯನ್ನು ದೇವಿಗೆ ಒಪ್ಪಿಸಿದನೆಂದು ಹೆರೊಡೋಟಸ್ ಹೇಳುವ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಕೋಣೆಯಲ್ಲಿ ಸುಮಾರು ಐದು ಮೀಟರ್ ಎತ್ತರದ ಅಮೃತಶಿಲೆಯ ಯುವಕನ ವಿಗ್ರಹ ನಿಂತಿದೆ. 1980ರಲ್ಲಿ ಹೇರಾಳ ಗುಡಿಗೆ ಹೋಗುವ ಪವಿತ್ರ ಮಾರ್ಗದ ಪಕ್ಕದಲ್ಲಿ ದೊರೆತದ್ದು. ಕಲ್ಲಿನ ನೀಲಿ ಗೆರೆಗಳು ಮೈಮೇಲೆ ನರಗಳಂತೆ ಹಾದುಹೋಗಿವೆ, ಶಿಲ್ಪಿ ಅವುಗಳನ್ನು ಬಲ್ಲವನಾಗಿಯೇ ಕಲ್ಲನ್ನು ಆರಿಸಿರಬೇಕು. ಎಡ ತೊಡೆಯ ಮೇಲೆ ಅದನ್ನು ಅರ್ಪಿಸಿದವನ ಹೆಸರು ಕೊರೆದಿದೆ: ರೇಸಿಸನ ಮಗ ಇಸ್ಕೀಸ್. ಹೆರೊಡೋಟಸ್ ಇವನ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಅವನು ಏನು ಮಾಡಿಕೊಂಡಿದ್ದ, ಅಷ್ಟು ದೊಡ್ಡ ಕಲ್ಲಿಗೆ ಹಣ ಎಲ್ಲಿಂದ ತಂದ ಎಂದು ತಂಗಿ ಕೇಳಿದಳು. ಕಾವಲಿನಲ್ಲಿದ್ದ ಮಹಿಳೆ ನಕ್ಕು, ದೊಡ್ಡ ಜಮೀನುದಾರನೇ ಇರಬೇಕೆಂದು ಇಲ್ಲಿನವರು ಅಂದುಕೊಳ್ಳುತ್ತಾರೆ ಎಂದರು. ನೀವು ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಕೇಳಿದ ಅವರಿಗೆ ಪಿಥಾಗೋರಿಯೊ ಎಂದೆವು. “ಹೌದೆ, ತಿಗಾನಿಯಲ್ಲೋ? ಹಾಗಾದರೆ ಕೊನೆಯ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ, ಬೇಗ ಹೊರಡಿ,” ಎಂದು ಅವರು ನಿಲ್ದಾಣದ ಅಡ್ಡದಾರಿಯನ್ನು ತೋರಿಸಿದರು.